ತಲೆಯಾಡಿಸಬಾರದ ಕೆಲಸ

ಆಡಿತ್ತು, ತನ್ನ ತಲೆ ನಿಜವಾಗಿಯೂ ಆಡಿತ್ತು. ಹೋದ ವಾರದಿಂದ ಇಳಾ ಇದನ್ನು ತನಗೊಬ್ಬಳಿಗೇ ಹೇಳಿಕೊಳ್ಳುತ್ತಿದ್ದಳು.

ಕಡಲಾಚೆಯ ಕಾರ್ಲ್‌ಸ್ಟಾಡ್ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ರಘುನಾಥ ಅವರು ಒಂದೆಲಗದ ಸಾರ ನೆನಪಿಗೂ ಮನಸ್ಸಿನ ಒತ್ತಡಕ್ಕೂ ಏನು ಮಾಡುತ್ತದೆಂದು ಪರೀಕ್ಷಿಸುತ್ತಿದ್ದರು. ಅರ್ಧ ಜನಕ್ಕೆ ಸಾರದ ಮಾತ್ರೆ, ಉಳಿದವರಿಗೆ ಬರೀ ಹಿಟ್ಟಿನದು. ಯಾರಿಗೆ ಯಾವುದೆಂದು ಕೊನೆಯವರೆಗೂ ಗುಟ್ಟು. ಒಂದು ತಿಂಗಳು ಮಾತ್ರೆ ನುಂಗಿದ ಮೇಲೆ ಒಬ್ಬೊಬ್ಬರೂ ಇಬ್ಬರು ತೀರ್ಪುಗಾರರೆದುರು ನಿಂತು, ಆಗಷ್ಟೇ ಓದಿದ ಕಥೆಯನ್ನು ನೆನಪಿನಿಂದ ಹೇಳಬೇಕು. ತೀರ್ಪುಗಾರರು ನಗಬಾರದು, ಹೂಂಗುಟ್ಟಬಾರದು, ತಲೆಯಾಡಿಸಬಾರದು. ಆ ಕಲ್ಲುಮುಖಗಳೇ ಒತ್ತಡ. ತುಟಿ ಬಿಚ್ಚದ ಇಳಾ ತೀರ್ಪುಗಾರ್ತಿಯ ಕೆಲಸಕ್ಕೆ ಹೇಳಿ ಮಾಡಿಸಿದ ಹುಡುಗಿಯೆಂದು ರಘುನಾಥ ಆರಿಸಿದ್ದರು.

ಗಂಡನ ಕೆಲಸದ ಹಿಂದೆ ಈ ಊರಿಗೆ ಬಂದಿದ್ದ ಪಾರ್ವತಿ ಎಂಬುವವರು ಹೋದ ವಾರ ತಮ್ಮ ಸರದಿಯಲ್ಲಿ ಕಥೆಯ ನಡುವೆ ನಿಂತುಬಿಟ್ಟರು. ಕೈ ಜಾಕೆಟ್ಟಿನ ಜಿಪ್ಪನ್ನು ಸುಮ್ಮನೆ ಮೇಲೆ ಕೆಳಗೆ ಎಳೆಯುತ್ತಿತ್ತು. ಇಳಾಗೆ ತಾನೂ ಹೀಗೇ ತಡವರಿಸಿದ್ದ ಎಂ.ಎಸ್ಸಿ. ವೈವಾ ಕಣ್ಣಿಗೆ ಕಟ್ಟಿತು. ಅಷ್ಟೇ, ಅವಳ ತಲೆ ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿತು, ಹೂಂ, ಆಮೇಲೆ ಎನ್ನುವಂತೆ. ಪಾರ್ವತಿಯವರ ಬಿಗಿದ ಭುಜ ಇಳಿಯಿತು, ಕಥೆ ಸರಾಗವಾಗಿ ಓಡಿತು. ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರ್ತಿ, ಇದೇ ಊರಿನ ಕಾರಿನ್‌ಗೆ ಅದು ಕಂಡರೂ ಕಾಣಲಿಲ್ಲ. ಅವಳ ಸೀಮೆಯಲ್ಲಿ ಹಾಗೆ ವಾಲಿದ ತಲೆಗೆ ಅರ್ಥವೇ ಇಲ್ಲ.

ಇಂದು ಗುಟ್ಟು ಬಿಚ್ಚಿದ್ದರು. ಫೀಕಾ ಎಂದು ಇಲ್ಲಿಯವರು ಕರೆಯುವ ಕಾಫಿ ಬಿಡುವಿನ ಹೊತ್ತಿನಲ್ಲಿ ರಘುನಾಥ ದಾಲ್ಚಿನ್ನಿ ಬನ್ನು ಮುರಿಯುತ್ತ ಹೇಳಿದರು:

"ಪಾರ್ವತಿಯವರದು ಅಸಲಿ ಮಾತ್ರೆ ಕಣ್ರಪ್ಪ. ಕಥೆ ಹೇಳಿದ್ಮೇಲೆ ತೆಗೆದ ಎಂಜಲು ಟೆಸ್ಟ್‌ನಲ್ಲಿ ಸ್ಟ್ರೆಸ್ ಎಷ್ಟು ಕಮ್ಮಿ ಬಂದಿದೆ ನೋಡಿ. ಇರೋದೇ ಹಿಡಿಯಷ್ಟು ಜನ, ಅವರದು ಸೇರಿದ್ರೇನೇ ನಮ್ಮ ರಿಸಲ್ಟ್ ನಿಲ್ಲೋದು. ಸ್ಕೂಲಲ್ಲಿ ಪರೀಕ್ಷೆ ಬಂದ್ರೆ ನಮ್ಮಮ್ಮ ಒಂದೆಲಗದ ತಂಬುಳಿ ಮಾಡಿಕೊಡೋರು, ನಾನು ಬಚ್ಚಲಿಗೆ ಚೆಲ್ತಿದ್ದೆ. ಕಾಲಿಂಗ್ ಕಾರ್ಡ್ ತಂದು ಊರಿಗೆ ಫೋನ್ ಮಾಡಿ ಅಮ್ಮಂಗೆ ಹೇಳ್ಬೇಕು, ನೀನೇ ಗೆದ್ದೆ ಅಂತ."

"ಚೆಲ್ಲಿದ್ದಕ್ಕೇ ಸರ್, ಈಗ ದಿನಾ ಕೀ ಮರೆಯೋದು," ಎಂದ ಸಂಶೋಧನಾ ವಿದ್ಯಾರ್ಥಿ ಸಮಿತ್.

"ಆಡ್ಕೋ, ಆಡ್ಕೋ. ನಾಳೆ ಸೆಮಿನಾರ್‌ನಲ್ಲಿ ಮೊದಲನೇ ಸ್ಲೈಡೇ ಪಾರ್ವತಿಯವರದು."

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಸುಮ್ಮನಿರುವುದು ಇಳಾಗೆ ಯಾರೂ ಕಲಿಸಬೇಕಾದದ್ದೂ ಅಲ್ಲ. ಆದರೆ ಆ ಹೆಂಗಸಿನ ಎದೆ ಹಗುರ ಮಾಡಿದ್ದು ಎಲೆಯೋ, ತನ್ನ ತಲೆಯೋ? ಗೊತ್ತಿಲ್ಲದ್ದನ್ನು ಇವರು ಗೊತ್ತೆಂದು ಹೇಳಹೊರಟಿದ್ದಾರೆ, ಅದೂ ತಾಯಿಗೆ.

"ಏನಮ್ಮ ಇಳಾ, ನೀನೂ ಒಂದ್ಮಾತು ಆಡು."

ಅವಳು ಕಪ್ಪನ್ನು ಕೆಳಗಿಟ್ಟಳು.

"ಸರ್, ಅವರು ಮಧ್ಯದಲ್ಲಿ ನಿಂತಾಗ ನಾನು ತಲೆ ಆಡಿಸ್ದೆ."