ಗೇಟಿನ ಮೇಲಿನ ಖಾಲಿ ಜಾಗ

ಹೊಸ ಹಿಮ ಬಿದ್ದ ಮರುದಿನ ಹುಡುಗರನ್ನು ಮನೆಯಲ್ಲಿ ಹಿಡಿದಿಡುವುದು ನಮ್ಮ ಪಿರಿನ್ ಬೆಟ್ಟದ ಊರುಗಳಲ್ಲಿ ಯಾರಿಂದಲೂ ಆಗುವುದಿಲ್ಲ. ಹೋದ ಚಳಿಗಾಲ ಪಕ್ಕದ ಮನೆಯ ನೆವೆನಾಳ ಹಿರಿಮಗ ಕ್ರುಮ್ ಹಾಗೆಯೇ ಗೆಳೆಯರೊಡನೆ ಸ್ಕೀ ಹೊತ್ತು ಕಾಡಿನಾಚೆಯ ಬೋಳು ಇಳಿಜಾರಿಗೆ ಹೋದ. ಹಿಮದಡಿ ಸಿಕ್ಕವರನ್ನು ಹುಡುಕಲು ಎದೆಗೆ ಕಟ್ಟಿಕೊಳ್ಳುವ ಸಂಕೇತದ ಯಂತ್ರ ಒಲೆಯ ಪಕ್ಕದ ಮೊಳೆಯಲ್ಲೇ ಉಳಿಯಿತು. ಹಿಮ ಜಾರಿತು. ಗೆಳೆಯರು ಬರಿಗೈಯಲ್ಲಿ ಬಗೆದರು. ಕೊನೆಗೆ ರಕ್ಷಣಾ ದಳದವರಿಗೆ ಸಿಕ್ಕಾಗ ಉಸಿರಿರಲಿಲ್ಲ.

ಸತ್ತವರ ಚಿತ್ರವಿರುವ ಹಾಳೆಯನ್ನು ಮನೆಯ ಗೇಟಿಗೆ ಅಂಟಿಸುವುದು ನಮ್ಮಲ್ಲಿ ರೂಢಿ. ಅವನು ಸತ್ತು ವರ್ಷ ತುಂಬಿದ ದಿನ ನೆವೆನಾ ಗೇಟಿಗೆ ಮಗನ ಚಿತ್ರದ ಹೊಸ ಹಾಳೆ ಅಂಟಿಸುತ್ತಿದ್ದಳು. ಚಳಿಗೆ ಗೋಂದು ಹಿಡಿಯುತ್ತಿರಲಿಲ್ಲ. ನಾನು ಅಂಗೈಯಿಂದ ಒತ್ತಿ ನಿಂತೆ.

ಕಿರಿಮಗ ಅಸೆನ್ ಸ್ಕೀ ಹೆಗಲಿಗೇರಿಸಿ ಹೊರಬಂದ. ಕೈಯಲ್ಲಿ ವೈನ್ ಬಾಟಲಿ. ಸತ್ತವರ ಪಾಲಿನ ವೈನನ್ನು ಅಣ್ಣ ಬಿದ್ದ ಜಾಗದಲ್ಲೇ ನೆಲಕ್ಕೆ ಸುರಿಯಬೇಕೆಂದು ಅವನ ಹಟ. ತಾಯಿಯೂ ಹೂಂ ಎಂದಿದ್ದಳು.

ಅಷ್ಟರಲ್ಲಿ ಬೆಟ್ಟದ ರಕ್ಷಣಾ ದಳದ ರಾಲಿತ್ಸಾ ಬಂದಳು. ಹಾಳೆಯ ಮುಂದೆ ತಲೆಬಾಗಿದಳು. ಆಮೇಲೆ ಸ್ಕೀ ನೋಡಿದಳು.

"ಎಲ್ಲಿಗೋ?"

"ಅಣ್ಣನ ಹತ್ರ."

"ಇವತ್ತು ಬೇಡ ಕಣೋ. ಹಿಮ ಜಾರೋ ಅಪಾಯದ ಬಗ್ಗೆ ನಾವು ಹಾಕಿರೋ ಸೂಚನೆ ಓದಿದ್ಯಾ?"

"ನಿಮ್ ಸೂಚನೆ ಓದ್ತಾ ಕೂತ್ರೆ ವಸಂತನೇ ಬಂದ್ಬಿಡತ್ತೆ. ಆಕಾಶ ನೋಡಕ್ಕಾ, ಎಷ್ಟು ತಿಳಿಯಾಗಿದೆ! ಆ ಇಳಿಜಾರು ಒಂದ್ಸಲ ಜಾರಿಯೂ ಆಯ್ತಲ್ಲ."

"ಜಾರಿದ್ದು ಹೋದ ವರ್ಷದ ಹಿಮ. ಈ ವಾರ ಪೂರ್ತಿ ಗಾಳಿ ಬೀಸಿ, ಆಚೆ ಮಗ್ಗುಲಿನ ಹಿಮಾನೆಲ್ಲ ತಂದು ಅಲ್ಲಿ ಒಟ್ಟಿದೆ. ಮೇಲೆ ಹಲಗೆ ಹಾಗೆ ಗಟ್ಟಿ, ಕೆಳಗೆ ಸಕ್ಕರೆ ಹಾಗೆ ಪುಡಿ. ನೀನು ಕಾಲಿಟ್ರೆ ಹಲಗೆ ನಿನ್ನನ್ನೂ ಹೊತ್ಕೊಂಡೇ ಇಳಿಯತ್ತೆ."

ಅಸೆನ್ ಎದೆ ತಟ್ಟಿದ. "ಅಣ್ಣನ ಯಂತ್ರ ಕಟ್ಕೊಂಡಿದೀನಿ."

"ಒಬ್ನೇ ಹೋಗ್ತಿದೀಯ. ಅದರ ಕೂಗು ಕೇಳೋಕೆ ಮೇಲೆ ಯಾರಿರ್ತಾರೆ? ನಾನು ಇಲ್ಲಿಂದ ಬರೋ ಹೊತ್ತಿಗೆ..." ತಾಯಿಯನ್ನು ನೋಡಿ ರಾಲಿತ್ಸಾ ಮಾತು ನುಂಗಿದಳು.

ನೆವೆನಾ ಕೇಳಿಯೇಬಿಟ್ಟಳು. "ಯಂತ್ರ ಕಟ್ಕೊಂಡು ಹೋಗಿದ್ರೆ ನನ್ನ ಕ್ರುಮ್ ಬದುಕ್ತಿದ್ನಾ ಮಗಳೇ?"

"ಗೊತ್ತಿಲ್ಲಮ್ಮ. ಕಾಲು ಗಂಟೆಯೊಳಗೆ ತೆಗೆದ್ರೆ ತುಂಬ ಜನ ಉಳೀತಾರೆ. ನಮಗೆ ಅವನು ಸಿಕ್ಕಾಗ ಕತ್ತಲಾಗ್ತಿತ್ತು."

ನೆವೆನಾ ಬಾಟಲಿ ಕಿತ್ತುಕೊಂಡು ಗೇಟಿನ ಬುಡಕ್ಕೆ ಸುರಿದಳು. ಹಿಮ ಕೆಂಪಾಯಿತು. "ಇಲ್ಲೇ ಕುಡಿಯಪ್ಪಾ. ನಿನ್ನ ತಮ್ಮ ಇವತ್ತು ಬರಲ್ಲ."

ಆಮೇಲೆ ಗೇಟು ತೋರಿಸಿದಳು. "ನೋಡು ಅಸೆನ್. ಈ ಕಡೆ ನಿಮ್ಮಪ್ಪ, ಆ ಕಡೆ ನಿಮ್ಮಣ್ಣ. ನಡುವೆ ಖಾಲಿ ಇದ್ಯಲ್ಲ, ಅದು ನಂದು ಕಣೋ. ನೀನು ಬಂದು ಕೂರಬೇಡ."

ಅಸೆನ್ ಸ್ಕೀಗಳನ್ನು ಗೋಡೆಗೆ ಒರಗಿಸಿದ. ಆ ಇಳಿಜಾರು ಅಂದು ಜಾರಿತೋ ಇಲ್ಲವೋ ನನಗೆ ತಿಳಿಯದು. ತಿಳಿಯಬೇಕಾದ ಸಂದರ್ಭ ನಮಗೆ ಬರಲಿಲ್ಲ.

ಸ್ಕೀ ಕಟ್ಟುವ ಮಕ್ಕಳೇ, ಬೆಟ್ಟಕ್ಕೆ ಹೋಗಬೇಡಿ ಎನ್ನುವುದಿಲ್ಲ. ಹೊರಡುವ ಮುನ್ನ ಹಿಮದ ಸೂಚನೆ ಓದಿ. ಹೊಸ ಹಿಮಕ್ಕೆ ಗಾಳಿ ಸೇರಿದ್ದರೆ ಕಡಿದಾದ ಇಳಿಜಾರು ಬಿಟ್ಟುಬಿಡಿ. ಕಾಲಡಿಯ ಹಿಮ ಗುಮ್ಮೆಂದು ಕುಸಿದರೆ ಹಿಂದಿರುಗಿ. ಒಂಟಿಯಾಗಿ ಹೋಗಬೇಡಿ. ಇಳಿಜಾರು ದಾಟುವಾಗ ಮಾತ್ರ ಒಬ್ಬೊಬ್ಬರಾಗಿ ದಾಟಿ, ಉಳಿದವರು ನೋಡುತ್ತಿರಲಿ. ಯಂತ್ರ ಚಾಲೂ ಆಗಿ ಎದೆಯ ಮೇಲಿರಲಿ, ಸಲಿಕೆ ಮತ್ತು ಹಿಮದಡಿ ಸಿಕ್ಕವರನ್ನು ಚುಚ್ಚಿ ಹುಡುಕುವ ಉದ್ದನೆಯ ಕೋಲು ಬೆನ್ನಿಗಿರಲಿ.

ನಿಮ್ಮ ಮನೆಯ ಗೇಟಿನಲ್ಲೂ ಖಾಲಿ ಜಾಗವಿದೆ. ಅದನ್ನು ನಮ್ಮಂಥ ಮುದುಕರಿಗೆ ಬಿಡಿ.