ದಾರಿ ಇರಲಿಲ್ಲ ಎಂದವನು

ಫ್ಯಾನಿನ ಗಾಳಿಗೆ ಬೈಬಲಿನ ಹಾಳೆ ತಾನಾಗಿ ಮಗುಚುತ್ತದೆ, ಬೆರಳಿಟ್ಟು ಹಿಡಿಯುತ್ತೇನೆ, ಹತ್ತು ಆಜ್ಞೆಗಳ ಪುಟ, ಇವತ್ತೇ ಇದು ಬರಬೇಕಿತ್ತೆ — ಸೊರಬದಲ್ಲಿ ಗುರುತಿನವರ ಮುಖ ನೋಡಲಾಗದೆ ಎರಡು ತಿಂಗಳಿಂದ ಶಿಕಾರಿಪುರದ ಈ ಪ್ರಾರ್ಥನಾಲಯಕ್ಕೆ ಬರುತ್ತಿದ್ದೇನೆ, ಇಲ್ಲಿ ಯಾರಿಗೂ ಕೋರ್ಟಿನ ವಿಷಯ ಗೊತ್ತಿಲ್ಲ, ಪಾಠ ಹೇಳುವ ಸಂಘಮಿತ್ರಾ ಟೀಚರಿಗೂ ಗೊತ್ತಿಲ್ಲ, ಆದರೂ ನನ್ನನ್ನೇ ಕೇಳುತ್ತಾರೆ, ದೇವರಾಜಣ್ಣ, ಈ ಆಜ್ಞೆಗಳು ದೇವರು ತನ್ನ ಜನರ ಜೊತೆ ಮಾಡ್ಕೊಂಡ ಒಡಂಬಡಿಕೆಗೆ ಷರತ್ತು ಅಂತೀರೇನ್ರೀ? ಹೌದು ಟೀಚರ್, ನಡೆಸಿಕೊಟ್ರೆ ಕರಾರು ನಿಲ್ತದೆ, ತಪ್ಪಿದ್ರೆ ರದ್ದು, ಎಲ್ಲ ಕರಾರೂ ಹಂಗೇ ಅಲ್ವಾ — ಅವರು ನಗುತ್ತಾರೆ, ಮೊದಲನೇ ಆಜ್ಞೆಗಿಂತ ಮೇಲಿನ ಸಾಲು ಓದ್ರೀ ಅಣ್ಣ, ಓದುತ್ತೇನೆ, ನಿಮ್ಮನ್ನು ಐಗುಪ್ತ ದೇಶದ ಗುಲಾಮಗಿರಿಯಿಂದ ಬಿಡಿಸಿ ತಂದವನು ನಾನೇ ಎಂದು ದೇವರು ಹೇಳುವ ಸಾಲು, ಇಷ್ಟು ವರ್ಷ ಓದದೆ ಹಾರಿಸಿಕೊಂಡು ಹೋದ ಸಾಲು, ನೋಡಿದ್ರಾ, ಬಿಡಿಸಿದ್ದು ಮೊದ್ಲು, ಆಜ್ಞೆ ಆಮೇಲೆ, ಇದನ್ನ ಪಾಲಿಸಿದ್ರೆ ಮಾತ್ರ ಬಿಡಿಸ್ತೀನಿ ಅನ್ಲಿಲ್ಲ, ಬಿಡಿಸ್ಕೊಂಡೋರು ಹಿಂಗೆ ಬದುಕ್ರಿ ಅಂದ — ಬಿಡಿಸಿದ್ದು ಮೊದಲು, ಹೌದು, ಅವತ್ತು ನಮ್ಮೂರು ಕುಪ್ಪಗಡ್ಡೆಯಲ್ಲಿ ನಾನು ಹಾವು ಕಚ್ಚಿ ಬಿದ್ದಾಗ ಪಕ್ಕದ ಗದ್ದೆಯ ಗುತ್ಯಪ್ಪ ಏನನ್ನೂ ಕೇಳಲಿಲ್ಲ, ಹೆಗಲ ಮೇಲೆ ಹಾಕಿಕೊಂಡು ಓಡಿದ, ಕಣ್ಣು ಮುಚ್ಚಬ್ಯಾಡ ಮಾರಾಯ, ರಸ್ತೆ ಬಂತು, ರಸ್ತೆ ಬಂತು, ಓಡಿದ್ದು ಯೋಗೇಶನ ಜಮೀನಿನೊಳಗಿನ ಗಾಡಿದಾರಿಯಲ್ಲೇ, ಯೋಗೇಶ ನನ್ನ ಹೆಂಡತಿಯ ತಮ್ಮ, ಈಗ ಆ ದಾರಿಗೆ ಬೇಲಿ ಹಾಕಿದವನು, ದಾರಿ ಬಿಡಿಸಿಕೊಡಿ ಎಂದು ಗುತ್ಯಪ್ಪ ಕೇಸು ಹಾಕಿದಾಗ ನನ್ನ ಹತ್ತಿರ ಬಂದ, ಒಂದೇ ಒಂದು ಮಾತು ಹೇಳಿ ಭಾವ, ಅಲ್ಲಿ ದಾರಿ ಇರ್ಲಿಲ್ಲ ಅಂತ, ಅಕ್ಕನ ಮುಖ ನೋಡಿಯಾದ್ರೂ — ಸೊರಬದ ಕೋರ್ಟಿನಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳಿಬಿಟ್ಟೆ, ದಾರಿ ಇರ್ಲೇ ಇಲ್ಲ ಸ್ವಾಮಿ, ನಾಲಿಗೆ ತೊದಲಲೂ ಇಲ್ಲ, ಗುತ್ಯಪ್ಪ ಕೇಸು ಸೋತ, ಅವನ ಹೆಂಡತಿ ರಾಜೇಶ್ವರಮ್ಮ ಈಗ ಭತ್ತದ ಹೊರೆ ಹೊತ್ತು ಕೆರೆ ಏರಿ ಸುತ್ತಿ ಬರುತ್ತಾಳೆ, ಎದುರು ಸಿಕ್ಕರೆ ನಾನೇ ಗದ್ದೆಗಿಳಿದು ಬಗ್ಗಿ ಏನೋ ಹುಡುಕುವವನಂತೆ ನಿಲ್ಲುತ್ತೇನೆ — ಒಂಬತ್ತನೇದು ಓದ್ರೀ ಅಣ್ಣ, ನೆರೆಯವನ ಮೇಲೆ ಸುಳ್ಳುಸಾಕ್ಷಿ, ಮುಂದೆ ಓದಲಾರೆ, ಟೀಚರ್, ಬಿಡಿಸ್ಕೊಂಡೋನೇ ಮುರಿದ್ರೆ? ಬಿಡಿಸಿದೋರ ಹತ್ರಾನೇ ಹೋಗ್ಬೇಕಣ್ಣ — ಹೋಗಬೇಕು, ಮಧ್ಯಾಹ್ನದ ಬಸ್ಸಿಗೇ, ಗುತ್ಯಪ್ಪನ ಅಂಗಳಕ್ಕೆ, ಸುಳ್ಳು ಹೇಳಿದೆ, ವಕೀಲರ ಮುಂದೆ ಬರೆದುಕೊಡುತ್ತೇನೆ ನಡಿ ಎನ್ನಬೇಕು, ಯೋಗೇಶ ನಮ್ಮನೆ ಮೆಟ್ಟಿಲು ಹತ್ತದಿರಲಿ, ಹೆಂಡತಿ ಮಾತು ಬಿಡಲಿ, ಜೈಲಾದರೆ ಆಗಲಿ ಎನ್ನುವಷ್ಟರಲ್ಲಿ ಕಣ್ಣ ಮುಂದೆ ಮತ್ತೆ ಅದೇ ಕಟಕಟೆ, ನಾನು ಇಳಿದು ಬರುತ್ತಿದ್ದೇನೆ, ಬೆಂಚಿನ ಮೇಲೆ ಗುತ್ಯಪ್ಪ, ಬೈಯಲಿಲ್ಲ, ಮುಖ ನೋಡಲಿಲ್ಲ, ನನ್ನ ಎಡಗಾಲನ್ನು ನೋಡಿದ, ಹಾವು ಕಚ್ಚಿದ ದಿನ ತನ್ನ ಟವಲು ಹರಿದು ಬಿಗಿದು ಕಟ್ಟಿದ್ದ ಜಾಗವನ್ನು, ಎಡಗಾಲನ್ನು, ಅದನ್ನೇ ನೋಡುತ್ತ ಕುಳಿತಿದ್ದ, ಎಡಗಾಲನ್ನು —