ಗೊಲ್ಲಪ್ಪನ ಮುಂದಿನ ಹಲ್ಲು

"ಲೇ ಪ್ರದೀಪ, ಆ ಕಿಟಕಿ ತೆಗಿ. ಈ ಬಡ್ಡಿಮಗ ಕುರಿದೊಡ್ಡೀನೇ ಮೈಮೇಲೆ ಹೊತ್ಕಂಡು ಬಂದವ್ನೆ."

ಹಲ್ಲಿನ ಡಾಕ್ಟರು ನಾಗಭೂಷಣ ತಮ್ಮ ಸಹಾಯಕನಿಗೆ ಹೀಗೆ ಹೇಳುವಾಗ ಗೊಲ್ಲಪ್ಪ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಬಾಯಿ ತೆರೆದವನು ಬೈಗುಳಕ್ಕೆ ಬೈಗುಳ ಕೊಡುವುದಾದರೂ ಹೇಗೆ? ನುಂಗಿಕೊಂಡ. ಎಡಗಡೆಯ ಕೊನೆಯ ದವಡೆ ಹಲ್ಲು ಮೂರು ದಿನದಿಂದ ಅವನಿಗೆ ಮುದ್ದೆ ಇಳಿಯಗೊಟ್ಟಿರಲಿಲ್ಲ. ಹಿರೇಗುಂಟನೂರಿನಿಂದ ಮೇವಿಗೆ ಹೊರಟು ಹೊಳಲ್ಕೆರೆ ಮುಟ್ಟಿದ್ದ ಕುರಿಗಳನ್ನು ಪಕ್ಕದ ಖಾಲಿ ಸೈಟಿನಲ್ಲಿ ಹೆಂಡತಿ ಓಬವ್ವನ ವಶಕ್ಕೆ ಬಿಟ್ಟು ಒಳಗೆ ಬಂದಿದ್ದ.

ಡಾಕ್ಟರು ಮಾರು ದೂರದಿಂದಲೇ ಟಾರ್ಚು ಬಿಟ್ಟರು. ಎಲೆಅಡಿಕೆಯ ಕೆಂಪು ಕಂಡಿತು, ಅವರಿಗೆ ಅಷ್ಟೇ ಸಾಕಾಯಿತು. ಮುಂದಿನ ಆರೂ ಹಾಳಾಗಿವೆ, ಕಿತ್ತು ಸೆಟ್ಟು ಕೂರಿಸೋಣ, ಈ ತಿಂಗಳು ಆಫರ್ ಇದೆ, ಆರು ಕೀಳಿಸಿದರೆ ಏಳನೆಯದು ಪುಕ್ಕಟೆ, ಇಂಥ ಲಾಭ ಜಿಲ್ಲೆಯಲ್ಲೇ ಸಿಗದು ಎಂದರು.

ಗೊಲ್ಲಪ್ಪ ನಾಲಿಗೆಯಿಂದ ಮುಂದಿನ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡ. ಮುಂದಿನ ಹಲ್ಲು ಹೋದರೆ ಸಿಳ್ಳೆ ಹೋಯಿತು. ಸಿಳ್ಳೆ ಹೋದರೆ ಅರವತ್ತು ಕುರಿ ಯಾರ ಮಾತು ಕೇಳುತ್ತವೆ? ಓಬವ್ವ ಗಂಟಲು ಹರಿಯುವಂತೆ ಕೂಗಿದರೂ ಅವು ಕಿವಿ ಆಡಿಸುತ್ತಿರಲಿಲ್ಲ. ಭಯದ ಹಿಂದೆಯೇ ಸಿಟ್ಟೂ ಬಂತು. ಸಂತೆಯಲ್ಲಿ ಕುರಿ ಕೊಳ್ಳುವ ಎಂಥ ದಡ್ಡನೂ ದವಡೆ ಹಿಡಿದು, ತುಟಿ ಸರಿಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ವಯಸ್ಸು ತಿಳಿಯಲು ಬೆರಳಿಟ್ಟು ನೋಡದೆ ಮಾತಿಗಿಳಿಯುವುದಿಲ್ಲ. ಈ ಪುಣ್ಯಾತ್ಮ ಮುಟ್ಟಲೇ ಇಲ್ಲ.

"ಸ್ವಾಮಿ, ನಂಗೆ ಯಾವ ಹಲ್ಲು ನೋಯ್ತೈತೆ? ಹೇಳ್ರಿ ನೋಡಾಣ," ಎಂದ.

"ಕುರಿ ಕಾಯೋನು ನಂಗೆ ಡಾಕ್ಟ್ರಿಕೆ ಕಲಿಸ್ತೀಯೇನಲೇ? ಬಾಯಿ ತೆಗಿ, ಇಲ್ಲಾ ಎದ್ದೋಗು."

ಗೊಲ್ಲಪ್ಪ ಎದ್ದ. ನಾಲಿಗೆ ಮಡಿಸಿ, ಹಾಳಾದವು ಎನ್ನಿಸಿಕೊಂಡ ಆ ಹಲ್ಲುಗಳಿಗೇ ಒತ್ತಿ, ತನ್ನ ವಾಸನೆಗೆಂದು ತೆಗೆಸಿದ್ದ ಕಿಟಕಿಯ ಕಡೆ ತಿರುಗಿ ಸಿಳ್ಳೆ ಹಾಕಿದ.

ಮೊದಲು ಟಗರು ಬಂತು. ಅದರ ಹಿಂದೆ ಮಿಕ್ಕವೆಲ್ಲ ಬಂದವು. ಬಾಗಿಲು, ಬೆಂಚು, ಡಾಕ್ಟರ ಕಾಲಸಂದಿ, ಎಲ್ಲಿ ನೋಡಿದರೂ ಕುರಿ. ಒಂದು ಮರಿ ಗೋಡೆಯ ಆಫರ್ ಚೀಟಿಯನ್ನು ಮೇಯತೊಡಗಿತು. ನಾಗಭೂಷಣರು ರೋಗಿಯ ಕುರ್ಚಿ ಹತ್ತಿ ನಿಂತು ಪೊಲೀಸರನ್ನು ಕರೆಸುತ್ತೇನೆ ಎಂದು ಕಿರುಚಿದರು.

ಗೊಲ್ಲಪ್ಪ ಟಗರಿನ ದವಡೆ ಹಿಡಿದು ಕೆಳತುಟಿ ಸರಿಸಿದ.

"ಹಲ್ಲು ನೋಡಾದು ಹಿಂಗೆ, ಸ್ವಾಮಿ."

ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತಿದ್ದ ಬರಗೇರಮ್ಮನಿಗೂ ಬೆಳಿಗ್ಗೆ ನಾಲ್ಕು ಹಲ್ಲು ಕೀಳಬೇಕೆಂದು ಇದೇ ಟಾರ್ಚು ಹೇಳಿತ್ತು. ಆಕೆ ಕುರಿಗಳನ್ನು ಸರಿಸಿಕೊಂಡು ಬಂದು ಗೊಲ್ಲಪ್ಪನ ಮುಂದೆ ನಿಂತು ಬಾಯಿ ತೆರೆದಳು. ಅವಳ ಹಿಂದೆ ಇನ್ನಿಬ್ಬರು ಎದ್ದು ನಿಂತರು.

ಗೊಲ್ಲಪ್ಪನ ದವಡೆ ಇನ್ನೂ ಜುಮುಗುಡುತ್ತಿತ್ತು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ.

"ಯಾವ್ದವ್ವಾ ನೋಯಾದು?" ಎಂದ.